ಟೈಲರಮ್ಮನ ತಾಯತ ಮತ್ತು ಗುಳಿಗೆ

ಚನ್ನಗಿರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದವಳ ತುಟಿಗಳ ನಡುವೆ ಸದಾ ಗುಂಡುಪಿನ್ನು ಇರುತ್ತಿತ್ತು. ಲೇಸ್ ಇಡಿಸಲೋ ಪೈಪಿಂಗ್ ಇಡಿಸಲೋ ಎಂದು ಯಾರಾದರೂ ತಡವರಿಸಿದರೆ, ಪಿನ್ನು ತೆಗೆದು "ಅದೂ ಇರ್ಲಿ, ಇದೂ ಇರ್ಲಿ" ಎಂದು ತೀರ್ಮಾನಿಸಿಬಿಡುತ್ತಿದ್ದಳು.

ಬೆಳಿಗ್ಗೆ ತಿಂಡಿಯಾದ ಮೇಲೆ, ಗಿರಾಕಿಗಳ ಎದುರಿಗೇ, ಖಿನ್ನತೆಯ ಗುಳಿಗೆ ನುಂಗುತ್ತಿದ್ದಳು. ಯಾತಕ್ಕೆಂದು ಕೇಳಿದರೆ, "ಮನಸ್ಸು ಮಲಗಿಬಿಟ್ಟಿತ್ತು, ಎಬ್ಬಿಸಾಕೆ" ಎನ್ನುವಳು. ಅಂಥದೇ ಗುಳಿಗೆಯನ್ನು ನಾನು ಬಾಗಿಲು ಹಾಕಿಕೊಂಡು ನುಂಗುತ್ತಿದ್ದ ಕಾಲ ಅದು.

ಒಂದು ದಿನ ನಾನಿದ್ದಾಗಲೇ ಅವಳ ಅತ್ತೆ ಮಂತ್ರಿಸಿದ ತಾಯತ ತಂದರು.

"ಇದನ್ನ ಕಟ್ಟಿದ ಮ್ಯಾಲೆ ಆ ಗುಳಿಗೆ ಬಿಡಬೇಕು. ಇಲ್ಲಾಂದ್ರೆ ತಾಯತ ಫಲ ಕೊಡಲ್ಲ."

ಹಿಂದೊಮ್ಮೆ ಅವಳು ಗುಳಿಗೆ ಬಿಟ್ಟು ತಿಂಗಳುಗಟ್ಟಲೆ ಹೊಲಿಗೆ ಮಿಷಿನ್ನಿಗೆ ಬೆನ್ನು ಹಾಕಿ ಮಲಗಿದ್ದನ್ನು ಕಂಡಿದ್ದೆ.

ಅವಳು ಎಡತೋಳು ಚಾಚಿದಳು. "ಕಟ್ರಿ ಅತ್ತೆ."

ಅವರು ಗಂಟು ಹಾಕುತ್ತಿರುವಾಗಲೇ ಬಲಗೈಯಿಂದ ಗುಳಿಗೆಯನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದಳು.

"ಅದೂ ಇರ್ಲಿ, ಇದೂ ಇರ್ಲಿ."

ಸೊಸೆ ಹುಷಾರಾದದ್ದು ತಾಯತದಿಂದಲೇ ಎಂದು ಅತ್ತೆ ಓಣಿಗೆಲ್ಲ ಸಾರಿದರು. ಅವಳು ಅಲ್ಲಗಳೆಯಲಿಲ್ಲ, ಗುಳಿಗೆಯನ್ನೂ ಬಿಡಲಿಲ್ಲ.

ಆಮೇಲೊಮ್ಮೆ ಅವಳು ತವರೂರು ಸಾಸ್ವೆಹಳ್ಳಿಗೆ ಹೋದ ಮರುದಿನ, ಅತ್ತೆ ಬಸ್‌ಸ್ಟ್ಯಾಂಡಿನಲ್ಲಿ ಅದೇ ಊರಿನ ಬಸ್ಸಿಗೆ ಕಾಯುತ್ತಿದ್ದರು. ಸೊಸೆ ಮರೆತು ಹೋಗಿದ್ದ ಗುಳಿಗೆಗಳು ಅವರ ಸೆರಗಿನ ಗಂಟಿನಲ್ಲಿದ್ದವು.

"ತೋಳಾಗೆ ತಾಯತ ಐತಲ್ಲ ಅಜ್ಜಿ?" ಎಂದೆ.

ಬಸ್ಸು ಬರುವ ದಾರಿಯಿಂದ ಕಣ್ಣು ತೆಗೆಯದೆ ಅಂದರು:

"ಅದೂ ಇರ್ಲಿ, ಇದೂ ಇರ್ಲಿ."