ಲಾಕ್ ಆದ ಫೈಲು

ಚಾಮರಾಜಪೇಟೆಯ ನಮ್ಮ ಆಫೀಸಿನಲ್ಲಿ ಕಲ್ಯಾಣ ಮಂಟಪಗಳ ಬುಕಿಂಗ್‌ಗೆ ಸಾಫ್ಟ್‌ವೇರ್ ಬರೆಯುವವರು ಇಬ್ಬರೇ, ನಾನು ಮತ್ತು ಶೈಲಜಾ. ಒಂದೇ ದಿನವನ್ನು ಇಬ್ಬರಿಗೆ ಕೊಡುತ್ತಿದ್ದ ದೋಷವನ್ನು ನಾನು ಕಷ್ಟಪಟ್ಟು ಸರಿಮಾಡಿದ್ದೆ. ಅವಳು ತನ್ನ ಹಳೆಯ ಫೈಲನ್ನು ಅದರ ಮೇಲೆ ಕಾಪಿ ಮಾಡಿಬಿಟ್ಟಳು, ದೋಷ ಮರಳಿ ಬಂತು. ಬಸವನಗುಡಿಯ ಮಂಟಪವೊಂದರ ಮ್ಯಾನೇಜರ್ ಫೋನ್ ಮಾಡಿ, "ಎರಡು ಮದುವೆ ಮನೆಯವರು ನನ್ನೆದುರೇ ನಿಂತು ಬೈತಿದ್ದಾರೆ, ಏನ್ ಹೇಳ್ಲಿ ಸ್ವಾಮಿ?" ಅಂದರು.

ಯಾರು ಏನು ಬದಲಿಸಿದರು ಎಂದು ನೆನಪಿಡುವ ವರ್ಷನ್ ಕಂಟ್ರೋಲ್ ಬೇಕೇ ಬೇಕು ಎಂದು ನಾನು ಹಟ ಹಿಡಿದೆ. ಮನೆಯಲ್ಲಿ ನನ್ನ ಸ್ವಂತ ಪ್ರೋಗ್ರಾಮುಗಳಿಗೆ ಗಿಟ್ ಎಂಬ ಅಂಥದ್ದೇ ಒಂದನ್ನು ಬಳಸುತ್ತೇನೆ, ಇಲ್ಲೂ ಅದೇ ಇರಲಿ ಎಂದೆ.

"ಅದ್ರಲ್ಲಿ ಇಬ್ರೂ ಒಂದೇ ಫೈಲ್ ತಿದ್ದಬಹುದಂತೆ. ಮತ್ತೆ ಜಗಳವೇ ಅಲ್ವಾ?" ಅಂದಳು ಶೈಲಜಾ. "ಒಬ್ರು ತೆಗೆದ್ರೆ ಇನ್ನೊಬ್ರಿಗೆ ಲಾಕ್ ಆಗ್ಬೇಕು. ಅಂಥದ್ದು ಹಾಕೋಣ."

ಇಬ್ಬರು ತಿದ್ದಿದ್ದನ್ನೂ ಗಿಟ್ ಸೇರಿಸಿಕೊಡುತ್ತದೆ ಎಂದು ಗಂಟಲು ಹರಿಯುವಂತೆ ಹೇಳಿದೆ. ನಮ್ಮ ಮಾಲೀಕರಿಗೆ ಕೇಳಿಸಿದ್ದು ಒಂದೇ ಪದ. "ಲಾಕ್ ಅಂದ್ರೆ ಸೇಫು ಕಣ್ರೀ," ಎಂದು ಅದನ್ನೇ ಹಾಕಿಸಿದರು.

ಮರುದಿನವೇ ದೋಷ ಸರಿಮಾಡಲು ಕುಳಿತರೆ ಆ ಫೈಲು ಲಾಕ್ ಆಗಿತ್ತು. ಶೈಲಜಾ ಅದನ್ನು ತಿದ್ದಲು ತೆರೆದಿಟ್ಟು ಚಿಕ್ಕಪ್ಪನ ಮಗಳ ಮದುವೆಗೆ ರಜೆ ಹಾಕಿ ಹೋಗಿದ್ದಳು. ಫೋನ್ ಮಾಡಿದೆ.

"ಲಾಕ್ ತೆಗಿಯೇ ತಾಯಿ!"

"ಅಯ್ಯೋ, ಅರ್ಧ ತಿದ್ದಿದೀನಿ, ಮುಟ್ಬೇಡ! ಧಾರೆ ಆಗ್ತಿದೆ, ಬಂದ್ಮೇಲೆ ನೋಡೋಣ," ಎಂದು ಇಟ್ಟುಬಿಟ್ಟಳು.

ಮಾಲೀಕರಿಗೆ ದೂರು ಹೇಳಿದರೆ ಅವರ ಮುಖ ಅರಳಿತು. "ನೋಡಿದ್ರಾ? ಸಾಫ್ಟ್‌ವೇರ್ ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ!"

ನಿಜವೇ. ಆ ವಾರವಿಡೀ ನಮ್ಮ ದೋಷದ ಕೂದಲೂ ಕೊಂಕಲಿಲ್ಲ.