ತೊಳೆದ ಕಲ್ಲುಗಳು

ನಮ್ಮ ಭಾವ ಮೂವತ್ತನಾಲ್ಕು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡಿದವರು. ಕಲೆ ಕಂಡರೆ ಅವರಿಗೆ ಊಟ ಸೇರುತ್ತಿರಲಿಲ್ಲ. ನಮ್ಮ ಮನೆಗೆ ಬಂದರೂ ಕುರ್ಚಿಯ ಕೈಯನ್ನು ಬೆರಳಿನಿಂದ ಒರೆಸಿ ನೋಡಿಯೇ ಕೂರುತ್ತಿದ್ದರು. ನನ್ನ ಹೆಂಡತಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಬೆನ್ನ ಹಿಂದೆ ನಾವೆಲ್ಲ ಅವರನ್ನು ಸೋಪು ಭಾವ ಎಂದೇ ಕರೆಯುತ್ತಿದ್ದೆವು.

ಅಂಥವರ ಮನೆಯಲ್ಲಿ ಅವರು ಕೈ ಹಚ್ಚಲಾಗದ ಜಾಗ ಒಂದೇ ಒಂದಿತ್ತು. ಅದು ನಮ್ಮಕ್ಕನ ಉಪ್ಪುನೀರಿನ ಮೀನಿನ ತೊಟ್ಟಿ. ನಾಲ್ಕಡಿ ಉದ್ದದ ಗಾಜು, ಒಳಗೆ ಸಮುದ್ರದ ಮರಳು, ಪಾಚಿ ಹಿಡಿದು ನೇರಳೆಗೆ ತಿರುಗಿದ ಕಲ್ಲುಗಳು. ಮಕ್ಕಳಿಲ್ಲದ ಅಕ್ಕ ಹನ್ನೊಂದು ವರ್ಷ ಅದನ್ನು ನೋಡಿಕೊಂಡಳು. ಕೊನೆಗೆ ಅದರಲ್ಲಿ ಉಳಿದದ್ದು ಕಿತ್ತಳೆ ಮೈಗೆ ಬಿಳಿ ಪಟ್ಟಿಯ ಒಂದೇ ಮೀನು. ಯಾರು ಬಂದರೂ ಗಾಜಿನ ಹತ್ತಿರ ಬಂದು ವಿಚಾರಣೆ ಮಾಡುವವರ ಹಾಗೆ ನೋಡುತ್ತಿತ್ತು. ಅಕ್ಕ ಅದನ್ನು ಹೆಡ್‌ಮಾಸ್ಟರ್ ಎನ್ನುತ್ತಿದ್ದಳು. ಭಾವ ಒರೆಸುವ ಬಟ್ಟೆ ಹಿಡಿದು ಆ ಕಡೆ ಹೋದರೆ ಸಾಕು, "ರೀ, ಆ ಕಲ್ಲಿನ ತಂಟೆಗೆ ಹೋಗ್ಬೇಡಿ" ಎಂದು ಅಡುಗೆಮನೆಯಿಂದ ದನಿ ಬರುತ್ತಿತ್ತು.

ಅಕ್ಕ ತೀರಿಕೊಂಡ ವಾರದಲ್ಲೇ ಭಾವ ಅವಳ ಬಟ್ಟೆ, ದಿಂಬು, ಹೊದಿಕೆ ಎಲ್ಲವನ್ನೂ ಒಗೆದು, ಇಸ್ತ್ರಿ ಮಾಡಿ, ಯಾರ್ಯಾರಿಗೋ ಕೊಟ್ಟುಬಿಟ್ಟರು. ಬೇರೆಯವರು ಅಳುತ್ತಾರೆ, ಇವರು ಒಗೆದರು. ಉಳಿದದ್ದು ಹೆಡ್‌ಮಾಸ್ಟರ್ ಮಾತ್ರ. "ಇದು ಇರೋವರೆಗೂ ಅವಳು ಪೂರ್ತಿ ಹೋಗಿಲ್ಲ ಅನ್ಸುತ್ತೆ ಕಣೋ," ಎಂದು ಒಮ್ಮೆ ನನಗೆ ಹೇಳಿದರು.

ಎಂಟು ತಿಂಗಳಿಗೆ ಮಾಲೀಕರು ಮನೆ ಬಿಡಿಸಿದರು. ಎರಡು ಬೀದಿ ಆಚೆ ಚಿಕ್ಕ ಮನೆ ಸಿಕ್ಕಿತು. ತೊಟ್ಟಿ ಸಾಗಿಸುವುದು ಹೇಗೆಂದು ಮೀನಿನ ಅಂಗಡಿಯವನಿಗೆ ನಾನೇ ಫೋನ್ ಮಾಡಿ ಕೇಳಿದೆ.

"ಹಳೇ ನೀರು ಚೆಲ್ಬೇಡಿ, ಡ್ರಮ್ಮಲ್ಲಿ ತುಂಬ್ಕೊಳ್ಳಿ. ಕಲ್ಲು ಅದೇ ನೀರಲ್ಲಿ ಮುಳುಗಿರ್ಲಿ. ಏನನ್ನೂ ತೊಳೀಬೇಡಿ ಮತ್ತೆ. ಕಲ್ಲಿಗೆ ಹತ್ತಿರೋ ಕೊಳೇಲಿ ಜೀವ ಇರುತ್ತೆ, ನೀರನ್ನ ಸರಿಯಾಗಿ ಇಡೋದೇ ಆ ಕೊಳೆ," ಎಂದ.

ಭಾವನಿಗೆ ನೀರಿನ ವಿಷಯ ಹೇಳಿದೆ. ಉಳಿದದ್ದನ್ನು ಹೇಳಲಿಲ್ಲ. ಕಲ್ಲನ್ನು ಯಾರು ತೊಳೆಯುತ್ತಾರೆ ಎಂದುಕೊಂಡೆ. ಸೋಪು ಭಾವನನ್ನು ಮೂವತ್ತು ವರ್ಷದಿಂದ ಬಲ್ಲ ನನ್ನ ಬುದ್ಧಿಗೆ ಏನಾಗಿತ್ತೋ.

ಭಾನುವಾರ ವ್ಯಾನು ತೆಗೆದುಕೊಂಡು ಹೋದಾಗ ನಾಲ್ಕು ಡ್ರಮ್ಮು ನೀರು ಬಾಗಿಲಲ್ಲಿ ಸಾಲಾಗಿ ನಿಂತಿತ್ತು, ಮೀನು ಬಕೆಟ್ಟಿನಲ್ಲಿತ್ತು. ಹಿತ್ತಲಲ್ಲಿ ಬಿಳಿ ಬಟ್ಟೆಯ ಮೇಲೆ ಕಲ್ಲುಗಳು ಬಿಸಿಲಿಗೆ ಒಣಗುತ್ತಿದ್ದವು. ನೇರಳೆ ಹೋಗಿ ಎಲ್ಲವೂ ಬಿಳುಚಿಕೊಂಡಿದ್ದವು. ಮರಳನ್ನೂ ತೊಳೆದು ಹರವಿದ್ದರು. ಭಾವನ ಕೈಯಲ್ಲಿ ಹಲ್ಲುಜ್ಜುವ ಬ್ರಶ್ಶು.

"ಬಿಸಿನೀರಲ್ಲಿ ನೆನೆಹಾಕಿ ಉಜ್ಜಿದೆ. ಸೋಪು ಹಾಕಿಲ್ಲಪ್ಪ, ಅಷ್ಟು ಗೊತ್ತು ನಂಗೆ," ಎಂದರು. "ಹನ್ನೊಂದು ವರ್ಷದಲ್ಲಿ ಒಂದಿನ ಮುಟ್ಟೋಕೆ ಬಿಟ್ಲಾ ನಿಮ್ಮಕ್ಕ? ಈಗ ನೋಡಿದ್ರೆ ಅವಳೇ ಒಪ್ಕೋತಿದ್ಲು."

ಅಕ್ಕ ಹೋದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅಂದೇ. ಹೇಳಿದ್ದರೂ ಆ ಕಲ್ಲಿಗೆ ಜೀವ ವಾಪಸ್ ಬರುತ್ತಿರಲಿಲ್ಲ ಎಂದು ಈಗ ಸಮಾಧಾನ ಮಾಡಿಕೊಳ್ಳುತ್ತೇನೆ. ನಿಜವೆಂದರೆ ಆ ನಗುವಿನ ಎದುರು ನನಗೆ ಬಾಯಿ ಬರಲಿಲ್ಲ.

ಹೊಸ ಮನೆಯಲ್ಲಿ ತೊಟ್ಟಿ ಹೊಸದರ ಹಾಗೆ ಹೊಳೆಯಿತು. ಎರಡನೆಯ ದಿನ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿತು. ಅಂಗಡಿಯವನು ಬಂದ, ನೀರು ಬದಲಾಯಿಸಿದ, ಕಲ್ಲನ್ನು ನೋಡಿ ನನ್ನ ಮುಖ ನೋಡಿದ. ಹೇಳಬೇಡ ಎಂದು ಕಣ್ಸನ್ನೆ ಮಾಡಿದೆ. ನಾಲ್ಕನೆಯ ಬೆಳಿಗ್ಗೆ ಹೆಡ್‌ಮಾಸ್ಟರ್ ಮರಳಿನ ಮೇಲೆ ಅಡ್ಡ ಬಿದ್ದಿತ್ತು.

"ವಯಸ್ಸಾಗಿತ್ತು ಭಾವ," ಎಂದೆ. ಅವರು ಹೂಂ ಎಂದರು.

ತಿಂಗಳಾದ ಮೇಲೆ ನಮ್ಮ ಮನೆಗೆ ಬಂದವರು ಕುರ್ಚಿಯನ್ನು ಒರೆಸದೆ ಕೂತರು. ಬಾಗಿಲ ಹಿಂದಿನ ಗೂಟದಲ್ಲಿ ಅಕ್ಕನ ಬೂದು ಸ್ವೆಟರು ಇನ್ನೂ ತೂಗುತ್ತಿತ್ತು. ಆಸ್ಪತ್ರೆ ಸೇರುವ ಮುಂಚೆ ಬಂದವಳು ಮರೆತುಹೋದದ್ದು. ಭಾವನ ಕಣ್ಣು ಅದರ ಮೇಲೆ ಬಿದ್ದಿದ್ದೇ ನನ್ನ ಹೆಂಡತಿ ಗಡಿಬಿಡಿಯಿಂದ ಅದನ್ನು ತೆಗೆದಳು.

"ಕಾಲರೆಲ್ಲ ಕೊಳೆಯಾಗಿದೆ ಅಣ್ಣ, ಒಗೆದು ಕೊಡ್ತೀನಿ ಇರಿ."

ಭಾವ ಎದ್ದು ಅದನ್ನು ಅವಳ ಕೈಯಿಂದ ತೆಗೆದುಕೊಂಡರು. "ಅಂಗಡಿಯವನ ಹತ್ರ ಹೋಗಿದ್ದೆ. ಎಲ್ಲಾ ಹೇಳ್ದ," ಎಂದರು ನನ್ನ ಕಡೆ ನೋಡದೆ.

ಸ್ವೆಟರನ್ನು ಮಡಿಸಲೂ ಇಲ್ಲ, ಹಾಗೇ ಎದೆಗೆ ಒತ್ತಿಕೊಂಡು ನಿಂತರು.

"ಒಗೀಬೇಡಮ್ಮ," ಎಂದರು. "ಮನೇಲಿ ಅವಳ ಕೊಳೆ ಒಂದು ಚೂರೂ ಉಳಿದಿಲ್ಲ."