ಹದಿನೆಂಟು ಅಂದ್ರೆ ಹದಿನೆಂಟೇ

ಆಗೆಲ್ಲ ನಮ್ಮ ಸಾಲ್ಟ್ ಲೇಕ್ ಮನೆಯ ಭಾನುವಾರಕ್ಕೆ ಎರಡು ವಾಸನೆ ಇರುತ್ತಿತ್ತು. ಒಳಗೆ ಅಮ್ಮನ ನೀರುದೋಸೆಯದು, ಕೆಳಗೆ ಗೇಟಿನ ಬಳಿ ಅಪ್ಪನ ಕೈಯ ಪೆಟ್ರೋಲಿನದು. ಬ್ಯಾಂಕಿನ ವರ್ಗಾವಣೆಯಲ್ಲಿ ಉಡುಪಿಯಿಂದ ಕೋಲ್ಕತ್ತಾಕ್ಕೆ ಬಂದ ಅಪ್ಪ ಒಂದು ಹಳೆಯ ಕಾರು ಕೊಂಡಿದ್ದರು. ಅದನ್ನು ಮೆಕ್ಯಾನಿಕ್ಕಿಗೆ ಕೊಡುವುದೆಂದರೆ ಅವರಿಗೆ ಅವಮಾನ. ಸ್ಪ್ಯಾನರ್ ಎತ್ತಿಕೊಡುವುದು, ಬಿಚ್ಚಿದ ನಟ್ಟುಗಳನ್ನು ಸ್ಟೀಲ್ ತಟ್ಟೆಯಲ್ಲಿ ಜೋಪಾನ ಮಾಡುವುದು ಹನ್ನೊಂದು ವರ್ಷದ ನನ್ನ ಕೆಲಸ.

ಆ ವರ್ಷ ದುರ್ಗಾಪೂಜೆಗೆ ಊರಿನಿಂದ ಅಜ್ಜಿ ಬಂದಿದ್ದರು. ಅವರಿಗೆ ಇದ್ದದ್ದು ಒಂದೇ ಆಸೆ. "ದಕ್ಷಿಣೇಶ್ವರದ ಕಾಳಿಯನ್ನು ಒಮ್ಮೆ ನೋಡ್ಬೇಕು ಮಗಾ. ಇನ್ನೊಮ್ಮೆ ಬರ್ಲಿಕ್ಕೆ ಆಗ್ತದೋ ಇಲ್ವೋ."

ಮಂಡಿನೋವಿನ ಅಜ್ಜಿ ಬಸ್ಸು ಹತ್ತುವಂತಿರಲಿಲ್ಲ. ಅಷ್ಟಮಿಗೆ ಕಾರಿನಲ್ಲೇ ಹೋಗುವುದೆಂದು ಅಪ್ಪ ಮಾತು ಕೊಟ್ಟರು. ಆದರೆ ಕಾರು ಮುಗ್ಗರಿಸುತ್ತಿತ್ತು, ಸ್ಪಾರ್ಕ್ ಪ್ಲಗ್ ಬದಲಿಸಬೇಕಿತ್ತು. ಅದಕ್ಕೆಂದೇ ಅವರು ಟಾರ್ಕ್ ರೆಂಚ್ ತಂದಿದ್ದರು. "ಇದ್ರಲ್ಲಿ ಅಳತೆ ಇಟ್ರೆ ಆಯ್ತು. ಅಷ್ಟು ಬಿಗಿ ಆದ ಕೂಡ್ಲೇ ಕಟ್ ಅಂತದೆ, ಅಲ್ಲಿಗೆ ನಿಲ್ಲಿಸುದು," ಎಂದು ಹಿಡಿಯನ್ನು ತಿರುಗಿಸಿ ತೋರಿಸಿದರು.

ಸಪ್ತಮಿಯ ಬೆಳಿಗ್ಗೆ ಬಾನೆಟ್ ಎತ್ತಿದೆವು. ನಾನು ಕಾರಿನ ಪುಸ್ತಕ ನೋಡಿ ಹದಿನೆಂಟು ಎಂದೆ. ಆಮೇಲೆ ರೆಂಚನ್ನೂ ನೋಡಿದೆ. "ಅಪ್ಪ, ಪುಸ್ತಕದಲ್ಲಿ ಸಂಖ್ಯೆಯ ಪಕ್ಕ ಒಂದು ಅಕ್ಷರ ಉಂಟು, ರೆಂಚಿನಲ್ಲಿ ಬೇರೆ."

"ಹದಿನೆಂಟು ಅಂದ್ರೆ ಹದಿನೆಂಟೇ ಮಾರಾಯ್ತಿ. ಬ್ಯಾಂಕಿನವನಿಗೆ ಸಂಖ್ಯೆ ಕಲಿಸ್ಬೇಡ."

ಎರಡು ಪ್ಲಗ್ಗುಗಳು ಕಟ್ ಎಂದವು. ಮೂರನೆಯದು ಎನ್ನಲಿಲ್ಲ. ಬ್ಲಾಕಿನ ಪೂಜೆಯ ಪೆಂಡಾಲಿನಲ್ಲಿ ಢಾಕ್ ಡೋಲು ಬಡಿಯುತ್ತಿದ್ದರು. ಅಪ್ಪ ಇನ್ನಷ್ಟು ತಿರುಗಿಸಿದರು.

"ಶಬ್ದ ಬಂತಾ?"

"ಇಲ್ಲ ಅಪ್ಪ. ಅದು ಸಡಿಲ ಆಗ್ತಾ ಉಂಟು, ನಿಲ್ಸಿ."

"ಬಿಗಿ ಮಾಡುವಾಗ ಸಡಿಲ ಆಗ್ತದಾ? ನಿನ್ನ ಮನಸ್ಸೆಲ್ಲ ಪೆಂಡಾಲಿನಲ್ಲಿ!"

ಮತ್ತೊಂದು ಸುತ್ತು. ಪ್ಲಗ್ಗು ಬೆಣ್ಣೆಯಲ್ಲಿ ಚಮಚ ತಿರುಗಿದಂತೆ ತಿರುಗಿತು. ಅದನ್ನು ಹೊರತೆಗೆದಾಗ ಎಂಜಿನ್ನಿನ ತೂತಿನೊಳಗಿನ ಅಲ್ಯೂಮಿನಿಯಂ ತಿರುಪುಸುತ್ತುಗಳು ಕಿತ್ತು ಬಂದು, ಸುರುಳಿಯಾಗಿ ಅದಕ್ಕೆ ಸುತ್ತಿಕೊಂಡಿದ್ದವು. ಅಪ್ಪ ರೆಂಚನ್ನು ನೆಲಕ್ಕೆ ಎಸೆದರು. "ಒಂದು ಶಬ್ದ ಕೇಳ್ಲಿಕ್ಕೆ ಆಗ್ಲಿಲ್ಲ ನಿಂಗೆ!" ಎಂದು ಪೂಜೆಗೆ ಹೊರಟಿದ್ದ ನೆರೆಯವರೆಲ್ಲರ ಎದುರು ಬೈದರು. ನಾನು ನಟ್ಟಿನ ತಟ್ಟೆಯನ್ನು ಠಣ್ಣನೆ ಕೆಳಗಿಟ್ಟೆ. ಬರದ ಶಬ್ದವನ್ನು ನಾನು ಹೇಗೆ ಕೇಳಲಿ?

ಪಕ್ಕದ ಫ್ಲಾಟಿನ ಬಂಗಾಳಿ ನಿವೃತ್ತ ಎಂಜಿನಿಯರ್, ನಾನು ಕಾಕು ಅಂದರೆ ಚಿಕ್ಕಪ್ಪ ಎಂದು ಕರೆಯುತ್ತಿದ್ದವರು, ಇಳಿದು ಬಂದು ರೆಂಚನ್ನು ಎತ್ತಿ ನೋಡಿದರು. "ದಾದಾ, ಯೇ ತೋ ಫುಟ್-ಪೌಂಡ್ ಹ್ಯಾಯ್." ರೆಂಚಿನ ಅಳತೆ ಫುಟ್-ಪೌಂಡಿನದು, ಪುಸ್ತಕದಲ್ಲಿದ್ದದ್ದು ನ್ಯೂಟನ್-ಮೀಟರ್. ಅಂದರೆ ಬೇಕಾದದ್ದಕ್ಕಿಂತ ಮೂರರಲ್ಲೊಂದು ಪಾಲು ಹೆಚ್ಚು ಬಿಗಿ. ಹಳೆಯ ಎಂಜಿನ್ನಿನ ಸವೆದ ತಿರುಪುಸುತ್ತುಗಳು ಅದನ್ನು ತಾಳಲಿಲ್ಲ. ಅಪ್ಪ ತಲೆಯಾಡಿಸಿದರು. ನನ್ನ ಕಡೆ ತಿರುಗಲಿಲ್ಲ.

ಪೂಜೆಗೆ ಗ್ಯಾರೇಜುಗಳೆಲ್ಲ ಮುಚ್ಚಿದ್ದವು. ಟ್ಯಾಕ್ಸಿಯವರು ಆ ಜನಜಂಗುಳಿಯಲ್ಲಿ ಅಷ್ಟು ದೂರ ಬರಲು ಒಪ್ಪಲಿಲ್ಲ. ಅಷ್ಟಮಿಯಂದು ಬಸ್ಸಿಗೆ ಪ್ರಯತ್ನಿಸಿದೆವು. ಅಜ್ಜಿ ಮೊದಲ ಮೆಟ್ಟಿಲಿಗೆ ಕಾಲಿಟ್ಟು, ಹಿಂದಿನವರು ನೂಕಿದಾಗ ಹೆದರಿ ಇಳಿದುಬಿಟ್ಟರು. "ಇಲ್ಲಿಂದ್ಲೇ ಕೈ ಮುಗಿತೇನೆ, ಬಿಡು," ಎಂದು ಬಸ್ ಸ್ಟಾಪಿನಲ್ಲಿ ನಿಂತು ದಕ್ಷಿಣೇಶ್ವರವಿದ್ದ ಉತ್ತರ ದಿಕ್ಕಿಗೆ ಕೈ ಮುಗಿದರು. ಮರುವಾರ ಊರಿನ ರೈಲು ಹತ್ತಿದರು. ಮತ್ತೆ ಬರಲಿಲ್ಲ.

ಕಾರು ರಿಪೇರಿಯಾಯಿತು, ಗ್ಯಾರೇಜಿನಲ್ಲಿ. ಅಪ್ಪ ಮುಂದೆಂದೂ ಬಾನೆಟ್ ಎತ್ತಲಿಲ್ಲ. ಭಾನುವಾರ ಪೇಪರಿನ ಹಿಂದೆ ಕೂತರು. ತಪ್ಪು ತನ್ನದೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ದಕ್ಷಿಣೇಶ್ವರಕ್ಕೆ ಮೆಟ್ರೋ ಇದೆ, ಎಸ್ಕಲೇಟರ್ ಇದೆ. ಕರೆದುಕೊಂಡು ಹೋಗಲು ಅಜ್ಜಿ ಇಲ್ಲ. ಅಂದು ನಾನು ಹೇಳಿದ್ದೇ ಸರಿಯಾಗಿತ್ತು. ಆದರೂ ಅಪ್ಪನ ಭುಜಕ್ಕೆ ಭುಜ ತಾಗಿಸಿ ಎಂಜಿನ್ನಿಗೆ ಬಗ್ಗಿ ನಿಲ್ಲುವ ಬೆಳಿಗ್ಗೆ ನನಗೆ ಇನ್ನೊಂದು ಸಿಗಲಿಲ್ಲ.